ಮೊದಲ ಬಸಿರಿನಲ್ಲಿ ಮಲೇರಿಯಾ: ಬೆರಳ ರಕ್ತದಲ್ಲಿ ಸಿಗದ ಪರಾವಲಂಬಿ ಮಾಸಿನಲ್ಲಿ ಸಿಗುವುದು ಹೇಗೆ?

ಹೊಂಗೆನೆರಳು ಕೇಳಿದ್ದು:

ಎಎನ್‌ಎಂ (ಸಹಾಯಕ ದಾದಿಯರ) ತರಬೇತಿಗೆ ಮಲೇರಿಯಾ ಮತ್ತು ತಾಯಿ-ಮಗುವಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ತಯಾರಾಗಬೇಕಿದೆ. ಮಿಖಾಲ್ ಫ್ರೈಡ್ ಮತ್ತು ಪ್ಯಾಟ್ರಿಕ್ ಡಫಿ ಕೀನ್ಯಾದ ಕಿಸುಮುವಿನಲ್ಲಿ ಮಾಡಿದ ಸಂಶೋಧನೆಯಿಂದ ಶುರುಮಾಡುವ ಯೋಚನೆ ಇದೆ. ಗೊಂದಲ ಇರೋದು ಇಲ್ಲಿ:

ಚಿಕ್ಕಂದಿನಿಂದ ಮಲೇರಿಯಾ ಬಂದು ಬಂದು ಮೈ ಒಗ್ಗಿಹೋದ ಹೆಣ್ಣುಮಗಳು ಮೊದಲ ಬಸಿರಿನಲ್ಲಿ ಮತ್ತೆ ಯಾಕೆ ನಲುಗುತ್ತಾಳೆ? ಪಠ್ಯದಲ್ಲಿ "ಬಸಿರಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ" ಅಂತ ಒಂದೇ ಸಾಲು ಇದೆ, ಅಷ್ಟು ಸಾಕೇ? ಬೆರಳ ರಕ್ತ ನೆಗೆಟಿವ್ ಇದ್ದು ಹೆರಿಗೆಯಾದ ಮೇಲೆ ಮಾಸಿನಲ್ಲಿ ಪರಾವಲಂಬಿ ಸಿಗುತ್ತದಂತೆ, ಅದು ಹೇಗೆ? ಮಾಸನ್ನು ಸರಿಯಾಗಿ ಪರೀಕ್ಷೆ ಮಾಡುವ ಕ್ರಮ ಏನು? ಮತ್ತೆ, ಆಫ್ರಿಕಾದಲ್ಲಿ ಬಸುರಿಯರಿಗೆಲ್ಲ ಮಲೇರಿಯಾ ತಡೆಗೆ ಎಸ್‌ಪಿ ಮಾತ್ರೆ ಕೊಡುತ್ತಾರೆ, ನಮ್ಮಲ್ಲಿ ಯಾಕಿಲ್ಲ?

ಸೂಕ್ಷ್ಮನೋಟ:

ಆ ಒಂದು ಸಾಲು ಖಂಡಿತ ಸಾಲದು. ಬರೀ ಶಕ್ತಿ ಕುಗ್ಗುವುದೇ ಕಾರಣವಾಗಿದ್ದರೆ ಐದನೇ ಬಸಿರಿನಲ್ಲೂ ಅಪಾಯ ಅಷ್ಟೇ ಇರಬೇಕಿತ್ತು. ಆದರೆ ಪಶ್ಚಿಮ ಕೀನ್ಯಾದಂತೆ ವರ್ಷವಿಡೀ ಮಲೇರಿಯಾ ಇರುವ ಕಡೆ ಚೊಚ್ಚಲ ಬಸುರಿಗೆ ಅಪಾಯ ಹೆಚ್ಚು, ಎರಡನೆಯದರಲ್ಲಿ ಕಡಿಮೆ, ಆಮೇಲೆ ಇನ್ನೂ ಕಡಿಮೆ. ಹೀಗೆ ಇಳಿಯುತ್ತ ಹೋಗುವುದು ಯಾಕೆ ಎಂದು ಹೇಳಲಾಗದ ವಿವರಣೆ ಅರೆಬರೆ.

ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಒಂದಾದ ಫಾಲ್ಸಿಪಾರಂ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಇರುತ್ತದೆ. ಮೊದಲ ಹದಿನಾರು-ಇಪ್ಪತ್ತು ಗಂಟೆ ಉಂಗುರದ ಆಕಾರ. ಆಗ ಕಣ ರಕ್ತದ ಜೊತೆ ಸುತ್ತುತ್ತಿರುತ್ತದೆ, ಬೆರಳು ಚುಚ್ಚಿದರೆ ಸಿಗುತ್ತದೆ. ಆಮೇಲೆ ಪರಾವಲಂಬಿ ಪಿಎಫ್‌ಇಎಂಪಿ1 ಎಂಬ ಪ್ರೋಟೀನನ್ನು ಕಣದ ಹೊರಮೈಗೆ ತಳ್ಳುತ್ತದೆ. ಕಣದ ಮೇಲೆ ಗುಬುಟುಗಳೇಳುತ್ತವೆ, ಅದು ಸಣ್ಣ ರಕ್ತನಾಳದ ಗೋಡೆಗೆ ಅಂಟಿ ಕೂರುತ್ತದೆ. ಹಾಗೆ ಅಂಟದೆ ಸುತ್ತುತ್ತಿದ್ದರೆ ಗುಲ್ಮ ಅದನ್ನು ಸೋಸಿ ಬಿಸಾಡುತ್ತದೆ. ಈ ಪ್ರೋಟೀನಿಗೆ ಪರಾವಲಂಬಿಯಲ್ಲಿ ಸುಮಾರು 60 ವಂಶವಾಹಿಗಳಿವೆ (ವಾರ್ ಕುಟುಂಬ ಅನ್ನುತ್ತಾರೆ), ಒಂದು ಹೊತ್ತಿಗೆ ಒಂದನ್ನು ಮಾತ್ರ ಬಳಸುತ್ತದೆ. ಬಾಲ್ಯದಿಂದ ಪದೇ ಪದೇ ಸೋಂಕು ಆದವರಲ್ಲಿ ಇವುಗಳಲ್ಲಿ ಬಹುಪಾಲಿಗೆ ಪ್ರತಿಕಾಯ ಬೆಳೆದಿರುತ್ತದೆ.

ಬಸಿರಾದಾಗ ದೇಹದಲ್ಲಿ ಹೊಸದೊಂದು ಜಾಗ ಹುಟ್ಟುತ್ತದೆ, ಅದೇ ಮಾಸು. ತಾಯಿಯ ರಕ್ತ ಅದರ ಬೆರಳಂಥ ಚಾಚುಗಳ ನಡುವೆ ಬಂದು ನಿಧಾನಕ್ಕೆ ಹರಿಯುತ್ತದೆ. ಅಲ್ಲಿ ಕಾಂಡ್ರಾಯ್ಟಿನ್ ಸಲ್ಫೇಟ್ ಎ (ಸಿಎಸ್‌ಎ) ಎಂಬ ಸಕ್ಕರೆಸರಪಳಿ ಹೇರಳ. ಫ್ರೈಡ್ ಮತ್ತು ಡಫಿ 1996ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಮಾಸಿನಿಂದ ತೆಗೆದ ಪರಾವಲಂಬಿಗಳು ಸಿಎಸ್‌ಎಗೆ ಅಂಟುತ್ತವೆ, ರಕ್ತನಾಳದ ಗೋಡೆಯಲ್ಲಿರುವ ಸಿಡಿ36 ಎಂಬ ಪ್ರೋಟೀನಿಗೆ ಅಂಟುವುದಿಲ್ಲ. ಬಸುರಿಯರಲ್ಲದವರಿಂದ ತೆಗೆದವು ಸಾಮಾನ್ಯವಾಗಿ ಇದರ ತದ್ವಿರುದ್ಧ. ಅಂದರೆ ಮಾಸಿನಲ್ಲಿ ಬೆಳೆಯುವುದು ಬೇರೆಯದೇ ಬಗೆ, ಮೊದಲ ಸಲ ಬಸಿರಾದವಳ ದೇಹ ಅದನ್ನು ಕಂಡೇ ಇರುವುದಿಲ್ಲ. 1998ರಲ್ಲಿ ನೇಚರ್‌ನಲ್ಲಿ ಬಂದ ಮುಂದಿನ ಲೇಖನ ಎರಡನೇ ಅರ್ಧವನ್ನು ಕೂಡಿಸಿತು. ಹಲವು ಹೆರಿಗೆ ಆದ ಹೆಂಗಸರ ಸೀರಂ ಈ ಅಂಟುವಿಕೆಯನ್ನು ತಡೆಯುತ್ತದೆ, ಚೊಚ್ಚಲ ಬಸುರಿಯರದ್ದು ತಡೆಯುವುದಿಲ್ಲ, ಗಂಡಸರದ್ದೂ ಅಷ್ಟೇ. 2003ರಲ್ಲಿ ಕೋಪನ್‌ಹೇಗನ್‌ನ ಅಲಿ ಸಲಾಂಟಿ ತಂಡ ಆ 60ರಲ್ಲಿ ಯಾವುದು ಎಂದು ಗುರುತಿಸಿತು, ಅದಕ್ಕೆ ವಾರ್2ಸಿಎಸ್‌ಎ ಎಂದು ಹೆಸರು.

ಬೆರಳ ರಕ್ತದ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಬಲಿತ ಪರಾವಲಂಬಿಗಳೆಲ್ಲ ಮಾಸಿನಲ್ಲಿ ಅಂಟಿ ಕೂತಿವೆ, ಬೆರಳಿಗೆ ಬರುವುದು ಉಂಗುರಗಳು ಮಾತ್ರ. ಆ ಹೊತ್ತಿಗೆ ಅವು ವಿರಳವಾಗಿದ್ದರೆ ಗಾಜಿನ ಪಟ್ಟಿಯಲ್ಲೂ ಕಾಣುವುದಿಲ್ಲ, ಆರ್‌ಡಿಟಿಯಲ್ಲೂ (ಸ್ಥಳದಲ್ಲೇ ಮಾಡುವ ತ್ವರಿತ ಪರೀಕ್ಷೆ) ಗೆರೆ ಮೂಡದಿರಬಹುದು. ಇಂಥ ತಾಯಂದಿರಲ್ಲಿ ಎಷ್ಟೋ ಜನರಿಗೆ ಜ್ವರವೂ ಇರುವುದಿಲ್ಲ.

ಮಗುವಿನ ತೂಕ ಇಳಿಯುವುದನ್ನು ಪರಾವಲಂಬಿ "ರಕ್ತ ಕುಡಿಯುವುದರಿಂದ" ಎಂದು ಬರೆಯಬೇಡಿ. ಮಾಸಿಗೆ ತಾಯಿಯ ಬಿಳಿರಕ್ತಕಣಗಳು, ಅದರಲ್ಲೂ ಮಾನೋಸೈಟುಗಳು ಮುತ್ತುತ್ತವೆ, ಉರಿಯೂತದ ರಾಸಾಯನಿಕಗಳು ಏರುತ್ತವೆ, ಫೈಬ್ರಿನ್ ಹೆಪ್ಪುಗಟ್ಟುತ್ತದೆ, ಚಾಚುಗಳ ಪೊರೆ ದಪ್ಪಗಾಗುತ್ತದೆ. ಅಮೈನೋ ಆಮ್ಲ ದಾಟುವುದು ಕುಂದಿ ಮಗು ಬೆಳೆಯುವುದಿಲ್ಲ. ಇದರ ಮೇಲೆ ತಾಯಿಯ ರಕ್ತಹೀನತೆ ಬೇರೆ. 2,500 ಗ್ರಾಂಗಿಂತ ಕಡಿಮೆ ತೂಕದ ಕೂಸು ಮೊದಲ ತಿಂಗಳು ದಾಟುವುದೇ ಕಷ್ಟವಾಗುವ ಊರುಗಳಲ್ಲಿ ಈ ಕಾಯಿಲೆ ಇದೆ ಎಂಬುದನ್ನು ಮರೆಯಬಾರದು.

ಸರಪಳಿ_ಸಕ್ಕರೆ:

ಮೇಲಿನದಕ್ಕೆ ಕನ್ನಡ ನಾಡಿನ ನಂಟಿರುವ ಒಂದು ಭಾಗ ಸೇರಿಸಲೇಬೇಕು. "ಸಿಎಸ್‌ಎ" ಎಂದರೆ ಯಾವ ಸಿಎಸ್‌ಎ? ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದದ್ದು ದನದ ಗಂಟಲ ನಾಳದ ಮೃದ್ವಸ್ಥಿಯಿಂದ ತೆಗೆದದ್ದು. ಮನುಷ್ಯರ ಮಾಸಿನಲ್ಲಿ ಇರುವುದು ಅದೇ ಅಲ್ಲ. ಅಮೆರಿಕದಲ್ಲಿ ಡಿ. ಚನ್ನೇಗೌಡ ಅವರ ಪ್ರಯೋಗಾಲಯದಲ್ಲಿ, ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದ ರಾಜೇಶ್ವರ ಆಚೂರ್ ಮೊದಲಾದವರು ಮಾಸಿನ ಪ್ರೋಟಿಯೋಗ್ಲೈಕಾನುಗಳನ್ನೇ (ಸಕ್ಕರೆಸರಪಳಿ ಅಂಟಿದ ಪ್ರೋಟೀನುಗಳು) ಬೇರ್ಪಡಿಸಿ 2000ದಲ್ಲಿ ಪ್ರಕಟಿಸಿದರು. ಚಾಚುಗಳ ನಡುವಿನ ಜಾಗದಲ್ಲಿರುವುದು ತೀರ ಕಡಿಮೆ ಸಲ್ಫೇಟ್ ಇರುವ ಬಗೆ, ಪರಾವಲಂಬಿ ಹಿಡಿಯುವುದು ಅದನ್ನೇ. ಸರಪಳಿ ಕನಿಷ್ಠ 12 ಸಕ್ಕರೆ ಘಟಕಗಳಷ್ಟು ಉದ್ದ ಇರಬೇಕು, ಸಲ್ಫೇಟ್ 4ನೇ ಸ್ಥಾನದಲ್ಲಿರಬೇಕು, ಮತ್ತು ಎಲ್ಲ ಘಟಕಗಳಲ್ಲೂ ಸಲ್ಫೇಟ್ ಇರಬಾರದು. ಪೂರ್ತಿ ತುಂಬಿದ ಸರಪಳಿಗಿಂತ ಅರೆಬರೆ ತುಂಬಿದ್ದಕ್ಕೇ ಪರಾವಲಂಬಿ ಗಟ್ಟಿಯಾಗಿ ಅಂಟುತ್ತದೆ ಎಂಬುದು ಈ ಕೆಲಸದ ಸೊಗಸಾದ ಫಲಿತಾಂಶ.

ಅಂಟುವಿಕೆಯ ಪರೀಕ್ಷೆ ಹೇಗೆ ನಡೆಯುತ್ತದೆಂದು ಗೊತ್ತಿದ್ದರೆ ಲೇಖನಗಳನ್ನು ಓದುವುದು ಸುಲಭ. ಪ್ಲಾಸ್ಟಿಕ್ ಪೆಟ್ರಿ ತಟ್ಟೆಯಲ್ಲಿ ಪ್ರೋಟಿಯೋಗ್ಲೈಕಾನ್ ದ್ರಾವಣವನ್ನು ಹತ್ತು-ಹದಿನೈದು ಮೈಕ್ರೊಲೀಟರಿನ ಬೊಟ್ಟುಗಳಾಗಿ ಇಟ್ಟು ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡುತ್ತಾರೆ. ಖಾಲಿ ಜಾಗವನ್ನು 2% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಾಕಿ ಮುಚ್ಚುತ್ತಾರೆ. ಸೋಂಕಿತ ಕಣಗಳನ್ನು ಹಾಕಿ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಬಿಟ್ಟು, ಮೆಲ್ಲಗೆ ತೊಳೆದು, ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಗೀಮ್ಸಾ ಬಣ್ಣ ಹಾಕಿ ಎಣಿಸುತ್ತಾರೆ. ಕೆಡುವುದು ಮೂರು ಕಡೆ. ಒಂದು, ಕಣಗಳು ಇನ್ನೂ ಉಂಗುರದ ಹಂತದಲ್ಲಿದ್ದರೆ ಏನೂ ಅಂಟದು, ಬಲಿತ ಟ್ರೋಫೋಜೋಯಿಟ್ ಹಂತವೇ ಬೇಕು. ಎರಡು, ಪರಾವಲಂಬಿಯನ್ನು ವಾರಗಟ್ಟಲೆ ಬೆಳೆಸಿದರೆ ಅದು ವಾರ್2ಸಿಎಸ್‌ಎ ಬಿಟ್ಟು ಬೇರೆ ವಂಶವಾಹಿಗೆ ಹೊರಳುತ್ತದೆ, ಆಗಾಗ ಸಿಎಸ್‌ಎ ತಟ್ಟೆಯ ಮೇಲೆ ಹಾಯಿಸಿ ಅಂಟಿದವನ್ನು ಮಾತ್ರ ಮತ್ತೆ ಆರಿಸಿಕೊಳ್ಳಬೇಕು. ಮೂರು, ನಿಯಂತ್ರಣ ತಟ್ಟೆ. ಕಾಂಡ್ರಾಯ್ಟಿನೇಸ್ ಕಿಣ್ವದಿಂದ ಸರಪಳಿಯನ್ನು ಕತ್ತರಿಸಿದ ಮೇಲೂ ಕಣಗಳು ಅಂಟಿದ್ದರೆ ಅಲ್ಲಿ ಅಂಟುತ್ತಿರುವುದು ಬೇರೇನೋ. ಹಯಲುರಾನಿಕ್ ಆಮ್ಲ ಎಂಬ ಇನ್ನೊಂದು ಸಕ್ಕರೆಸರಪಳಿಗೂ ಪರಾವಲಂಬಿ ಅಂಟುತ್ತದೆಂಬ ವಾದ ಬಂದಾಗ ಎದ್ದ ಪ್ರಶ್ನೆ ಇದೇ: ಮಾದರಿಯಲ್ಲಿ ಕಾಂಡ್ರಾಯ್ಟಿನ್ ಸಲ್ಫೇಟ್ ಒಂದಿಷ್ಟು ಬೆರೆತಿದ್ದರೂ ಫಲಿತಾಂಶ ದಾರಿ ತಪ್ಪುತ್ತದೆ.

ಪ್ಯಾರಾಫಿನ್:

ಮಾಸಿನ ಪರೀಕ್ಷೆ ಬಗ್ಗೆ. ತಪ್ಪುಗಳಲ್ಲಿ ಹೆಚ್ಚಿನವು ಹೆರಿಗೆ ಕೋಣೆಯಲ್ಲೇ ಆಗುತ್ತವೆ, ಸೂಕ್ಷ್ಮದರ್ಶಕದ ಮುಂದೆ ಅಲ್ಲ.

ಮಾಸು ಬಿದ್ದ ಮೇಲೆ ತಡ ಮಾಡಬಾರದು. ತಾಯಿಯ ಗರ್ಭಕೋಶಕ್ಕೆ ಅಂಟಿದ್ದ ಕಡೆ, ಅಂದರೆ ದಪ್ಪ ಹಾಲೆಗಳಿರುವ ಒರಟು ಮೈ, ಮೇಲೆ ಬರುವಂತೆ ಇಡಿ. ಹೊಕ್ಕುಳಬಳ್ಳಿ ಇರುವ ನುಣುಪು ಕಡೆ ಮಗುವಿನದು. ಅಲ್ಲಿಂದ ತೆಗೆದ ರಕ್ತ ಮಗುವಿನ ರಕ್ತ, ಅದರಲ್ಲಿ ಪರಾವಲಂಬಿ ಇಲ್ಲವೆಂದರೆ ಮಾಸಿನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಒರಟು ಮೈಯ ಮೇಲಿನ ರಕ್ತವನ್ನು ಒರೆಸಿ, ಸ್ವಚ್ಛ ಬ್ಲೇಡಿನಿಂದ ಸೀಳಿ, ಒಳಗಿಂದ ಒಸರಿ ನಿಂತ ರಕ್ತವನ್ನು ತೆಗೆದುಕೊಂಡು ದಪ್ಪ ಮತ್ತು ತೆಳು ಲೇಪ ಎರಡನ್ನೂ ಮಾಡಿ. ಮುದ್ರೆ ಲೇಪಕ್ಕಾದರೆ ಸಣ್ಣ ತುಂಡು ಕತ್ತರಿಸಿ, ಸೋಸುಕಾಗದಕ್ಕೆ ಒತ್ತಿ ಹೆಚ್ಚಿನ ರಕ್ತ ಹೀರಿಸಿ, ಆಮೇಲೆ ಗಾಜಿಗೆ ಮೆಲ್ಲಗೆ ಮುಟ್ಟಿಸಿ ಎತ್ತಿ. ಉಜ್ಜಿದರೆ ಜೀವಕೋಶಗಳು ಹರಿದು ಏನೂ ಓದಲಾಗುವುದಿಲ್ಲ. ತೆಳು ಲೇಪ ಮತ್ತು ಮುದ್ರೆ ಲೇಪವನ್ನು ಮೆಥನಾಲ್‌ನಲ್ಲಿ ಸ್ಥಿರಗೊಳಿಸಬೇಕು, ದಪ್ಪ ಲೇಪಕ್ಕೆ ಮೆಥನಾಲ್ ತಾಗಬಾರದು. ಗೀಮ್ಸಾ 3% ಆದರೆ 30ರಿಂದ 45 ನಿಮಿಷ, 10% ಆದರೆ ಸುಮಾರು 10 ನಿಮಿಷ, ನೀರಿನ ಪಿಎಚ್ 7.2.

ಅಂಗಾಂಶ ಪರೀಕ್ಷೆಗೆ ತುಂಡು ತೆಗೆಯುವುದು ಬಳ್ಳಿ ಮತ್ತು ಅಂಚಿನ ನಡುಮಧ್ಯದಿಂದ. ಅಂಚಿನಲ್ಲಿ ಸೋಂಕಿಲ್ಲದಿದ್ದರೂ ಫೈಬ್ರಿನ್ ಹೆಚ್ಚಿರುತ್ತದೆ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಲಿ, ಮತ್ತು ಅದು ತಟಸ್ಥ ಬಫರ್ ಮಾಡಿದ 10% ಫಾರ್ಮಲಿನ್ ಆಗಿರಲಿ. ಇದರಲ್ಲಿ ರಾಜಿ ಬೇಡ. ಬಫರ್ ಇಲ್ಲದ ಫಾರ್ಮಲಿನ್ ಹುಳಿಯಾಗುತ್ತ ಹೋಗಿ ರಕ್ತದ ಜೊತೆ ಸೇರಿ ಕಂದು ಕಪ್ಪು ಹರಳುಗಳನ್ನು ಮಾಡುತ್ತದೆ. ಪರಾವಲಂಬಿ ರಕ್ತಕಣವನ್ನು ತಿಂದು ಉಳಿಸುವ ಬಣ್ಣದ ಹರಳು, ಹೀಮೋಜೋಯಿನ್, ಕೂಡ ಕಂದು, ಧ್ರುವೀಕೃತ ಬೆಳಕಿನಲ್ಲಿ ಎರಡೂ ಹೊಳೆಯುತ್ತವೆ. ಗೊತ್ತಿಲ್ಲದವರು ಸೋಂಕೇ ಇಲ್ಲದ ಮಾಸಿಗೆ "ಹಿಂದೆ ಸೋಂಕಿತ್ತು" ಎಂದು ಬರೆದುಬಿಡುತ್ತಾರೆ. ಫಾರ್ಮಲಿನ್ ಹರಳು ಎಲ್ಲೆಂದರಲ್ಲಿ ಅಂಗಾಂಶದ ಮೇಲೆ ಚೆಲ್ಲಿದಂತಿರುತ್ತದೆ, ಹೀಮೋಜೋಯಿನ್ ಮ್ಯಾಕ್ರೋಫೇಜಿನ ಒಳಗೆ ಅಥವಾ ಫೈಬ್ರಿನ್‌ನಲ್ಲಿ ಸಿಕ್ಕಿಕೊಂಡಿರುತ್ತದೆ.

ವರದಿ ಬರೆಯಲು ಬುಲ್ಮರ್ ತಂಡ 1993ರಲ್ಲಿ ಗ್ಯಾಂಬಿಯಾದ ಮಾಸುಗಳಿಂದ ರೂಪಿಸಿದ ವರ್ಗೀಕರಣ ಇವತ್ತಿಗೂ ಕೈಗೆ ಒಗ್ಗುತ್ತದೆ. ಪರಾವಲಂಬಿ ಇದೆ, ಫೈಬ್ರಿನ್‌ನಲ್ಲಿ ಬಣ್ಣದ ಹರಳು ಇಲ್ಲ: ಹೊಸ ಸೋಂಕು. ಎರಡೂ ಇವೆ: ದೀರ್ಘ ಸೋಂಕು. ಬರೀ ಹರಳು: ಹಿಂದಿನ ಸೋಂಕು. ತೂಕ ಇಳಿದ ಮಗುವಿನ ತಾಯಿ ಎರಡನೇ ಗುಂಪಿನಲ್ಲಿ ಸಿಗುವುದು ಹೆಚ್ಚು.

ಹೊಂಗೆನೆರಳು:

ತುಂಬಾ ಉಪಕಾರ. ಎಸ್‌ಪಿ ಬಗ್ಗೆ ಯಾರಾದರೂ ಬರೆಯುತ್ತೀರಾ? ಮಂಗಳೂರಿನ ಕಡೆ ಹೆಚ್ಚಾಗಿ ವೈವಾಕ್ಸ್ ಬಗೆಯ ಮಲೇರಿಯಾ, ಅದರಲ್ಲೂ ಮಾಸಿಗೆ ಇದೇ ಅಪಾಯವೇ? ಫೋಲಿಕ್ ಆಮ್ಲದ ಜೊತೆ ಎಸ್‌ಪಿ ಕೂಡದು ಅನ್ನುವುದು ಎಷ್ಟು ಸರಿ?

ಮುಂಗಾರುಪರದೆ:

ಎಸ್‌ಪಿ ಎಂದರೆ ಸಲ್ಫಾಡಾಕ್ಸಿನ್ 500 ಮಿಗ್ರಾಂ, ಪೈರಿಮೆಥಮಿನ್ 25 ಮಿಗ್ರಾಂ ಇರುವ ಮಾತ್ರೆ, ಒಮ್ಮೆಗೆ ಮೂರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಮುಖ್ಯವಾಗಿ ಆಫ್ರಿಕಾದ ಮಲೇರಿಯಾ ಪ್ರದೇಶಗಳಿಗೆ: ಎರಡನೇ ತ್ರೈಮಾಸಿಕ ಶುರುವಾದ ಮೇಲೆ, ಸುಮಾರು 13 ವಾರದಿಂದ, ಪ್ರತಿ ತಪಾಸಣೆಯಲ್ಲಿ, ಎರಡು ಡೋಸಿನ ನಡುವೆ ಕನಿಷ್ಠ ಒಂದು ತಿಂಗಳು ಬಿಟ್ಟು, ಹೆರಿಗೆಯವರೆಗೆ. ಕಡಿಮೆಯೆಂದರೆ ಮೂರು ಡೋಸ್ ಆಗಬೇಕು. ಜ್ವರ ಇರಲಿ ಬಿಡಲಿ, ಪರೀಕ್ಷೆ ಮಾಡದೆ ಕೊಡುವುದು. ಪರೀಕ್ಷೆ ಮಾಸಿನ ಸೋಂಕನ್ನು ತಪ್ಪಿಸಿಕೊಂಡುಬಿಡುತ್ತದೆ ಎಂಬ ಮೇಲಿನ ಮಾತೇ ಇದಕ್ಕೆ ಆಧಾರ. ಆರೋಗ್ಯ ಸಿಬ್ಬಂದಿಯ ಕಣ್ಣೆದುರಲ್ಲೇ ನುಂಗಿಸಬೇಕು, ಮನೆಗೆ ಕಟ್ಟಿಕೊಟ್ಟರೆ ಅರ್ಧ ಮಾತ್ರೆಗಳು ಡಬ್ಬದಲ್ಲೇ ಉಳಿಯುತ್ತವೆ. ಎಚ್‌ಐವಿಗಾಗಿ ಕೋಟ್ರೈಮಾಕ್ಸಜೋಲ್ ತೆಗೆದುಕೊಳ್ಳುತ್ತಿರುವವರಿಗೆ ಕೊಡಬಾರದು, ಎರಡು ಸಲ್ಫಾ ಸೇರಿದರೆ ಅಡ್ಡಪರಿಣಾಮ ಹೆಚ್ಚು.

ಫೋಲಿಕ್ ಆಮ್ಲದ ಮಾತು ನಿಜ, ಆದರೆ ಪ್ರಮಾಣ ನೋಡಬೇಕು. ಎಸ್‌ಪಿ ಕೊಲ್ಲುವುದೇ ಪರಾವಲಂಬಿ ತನ್ನ ಫೋಲೇಟ್ ತಯಾರಿಸಿಕೊಳ್ಳುವ ದಾರಿ ಮುಚ್ಚಿ. ದಿನಕ್ಕೆ 5 ಮಿಗ್ರಾಂ ಮಾತ್ರೆ ಕೊಟ್ಟರೆ ಔಷಧದ ಬಲ ಕುಂದುತ್ತದೆ. 0.4 ಮಿಗ್ರಾಂನಿಂದ ತೊಂದರೆ ಇಲ್ಲ. ನಮ್ಮ ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ ಇರುವುದು 500 ಮೈಕ್ರೊಗ್ರಾಂ, ಅದನ್ನು ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ಎಡವುವುದು ಖಾಸಗಿಯಲ್ಲಿ ಬರೆಯುವ 5 ಮಿಗ್ರಾಂ ಮಾತ್ರೆಯ ವಿಷಯದಲ್ಲಿ. ಈ ವ್ಯತ್ಯಾಸವನ್ನು ನಿಮ್ಮ ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಭಾರತದಲ್ಲಿ ಯಾಕಿಲ್ಲ? ಇಲ್ಲಿ ಸೋಂಕಿನ ಒತ್ತಡ ಬಹುತೇಕ ಕಡೆ ಕಡಿಮೆ. ಸಾವಿರಾರು ಸೋಂಕಿಲ್ಲದ ಬಸುರಿಯರಿಗೆ ಔಷಧ ಕೊಟ್ಟು ಕೆಲವೇ ಸೋಂಕು ತಡೆದಂತಾಗುತ್ತದೆ. ಜೊತೆಗೆ ನಮ್ಮಲ್ಲಿ ಫಾಲ್ಸಿಪಾರಂ ಚಿಕಿತ್ಸೆಯಲ್ಲೇ ಆರ್ಟಿಸುನೇಟ್ ಜೊತೆ ಎಸ್‌ಪಿ ಬಳಸುತ್ತೇವೆ (ಈಶಾನ್ಯ ರಾಜ್ಯಗಳಲ್ಲಿ ಆರ್ಟಿಮೆಥರ್-ಲುಮೆಫ್ಯಾಂಟ್ರಿನ್). ಅದೇ ಔಷಧವನ್ನು ತಡೆಗೂ ಹಂಚಿದರೆ ನಿರೋಧ ಬೇಗ ಬೆಳೆಯುತ್ತದೆ. ಹಾಗಂತ ಬಸುರಿಯರಲ್ಲಿ ಮಲೇರಿಯಾ ಇಲ್ಲಿ ಸಣ್ಣ ವಿಷಯ ಎಂದಲ್ಲ. ಜಬಲ್ಪುರದಲ್ಲಿ ನೀರೂ ಸಿಂಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕಿತ ತಾಯಂದಿರ ಮಕ್ಕಳ ಸರಾಸರಿ ತೂಕ ಉಳಿದವರಿಗಿಂತ ಸುಮಾರು 350 ಗ್ರಾಂ ಕಡಿಮೆ ಇತ್ತು. ವೈವಾಕ್ಸ್ ಬಂದವರಲ್ಲೂ ತೂಕ ಇಳಿದಿತ್ತು. ಭಾರತದ ಮಲೇರಿಯಾ ಸಂಶೋಧನೆಯಲ್ಲಿ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಎಸ್‌ಪಿಗೆ ನಿರೋಧ ಬೆಳೆದ ಪೂರ್ವ ಆಫ್ರಿಕಾದಲ್ಲಿ ಡೈಹೈಡ್ರೋಆರ್ಟಿಮಿಸಿನಿನ್-ಪಿಪೆರಾಕ್ವಿನ್ ಕೊಟ್ಟು ನೋಡಿದ್ದಾರೆ. ಕೀನ್ಯಾ, ಮಲಾವಿ, ಟಾಂಜಾನಿಯಾಗಳ ದೊಡ್ಡ ಪ್ರಯೋಗ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹೊಸ ಔಷಧ ಮಲೇರಿಯಾವನ್ನು ಚೆನ್ನಾಗಿ ತಡೆದರೂ ಹೆರಿಗೆಯ ಫಲಿತಾಂಶ ಎಸ್‌ಪಿಗಿಂತ ಉತ್ತಮವಾಗಲಿಲ್ಲ. ಎಸ್‌ಪಿ ಮಲೇರಿಯಾ ಬಿಟ್ಟು ಬೇರೆ ಸೋಂಕುಗಳನ್ನೂ ತಗ್ಗಿಸಿ ಮಗುವಿನ ತೂಕಕ್ಕೆ ನೆರವಾಗುತ್ತಿರಬಹುದು ಎಂಬ ವಿಚಾರ ಈಗ ಗಟ್ಟಿಯಾಗುತ್ತಿದೆ.

ಸೂಕ್ಷ್ಮನೋಟ:

ವೈವಾಕ್ಸ್ ಬಗ್ಗೆ ನಾನು ಸೇರಿಸುತ್ತೇನೆ. ಅದು ಫಾಲ್ಸಿಪಾರಂನಂತೆ ಮಾಸಿನಲ್ಲಿ ರಾಶಿ ಬೀಳುವುದಿಲ್ಲ. ಆದರೂ ಥಾಯ್ಲೆಂಡ್-ಬರ್ಮಾ ಗಡಿಯಲ್ಲಿ ಫ್ರಾಂಸ್ವಾ ನೋಸ್ಟೆನ್ ತಂಡ 1999ರಲ್ಲಿ ತೋರಿಸಿದಂತೆ ಮಗುವಿನ ತೂಕ ಸರಾಸರಿ 107 ಗ್ರಾಂ ಇಳಿಯುತ್ತದೆ, ತಾಯಿಗೆ ರಕ್ತಹೀನತೆ ಬರುತ್ತದೆ. ಕಾರಣ ಮರುಕಳಿಕೆ. ಯಕೃತ್ತಿನಲ್ಲಿ ಮಲಗಿರುವ ಪರಾವಲಂಬಿಯನ್ನು ತೆಗೆಯುವ ಪ್ರೈಮಾಕ್ವಿನ್ ಬಸುರಿಗೆ ಕೊಡುವಂತಿಲ್ಲ, ಹೊಟ್ಟೆಯಲ್ಲಿರುವ ಮಗುವಿನ ಜಿ6ಪಿಡಿ ಕಿಣ್ವದ (ಇದು ಕಡಿಮೆ ಇದ್ದರೆ ಈ ಔಷಧದಿಂದ ರಕ್ತಕಣ ಒಡೆಯುತ್ತದೆ) ಸ್ಥಿತಿ ಗೊತ್ತಿರುವುದಿಲ್ಲವಲ್ಲ.

ಹಾಗಾಗಿ ಕ್ಲೋರೋಕ್ವಿನ್ ಮೂರು ದಿನ: ಪ್ರತಿ ಕೆಜಿಗೆ 10, 10, 5 ಮಿಗ್ರಾಂ ಬೇಸ್ ಲೆಕ್ಕದಲ್ಲಿ. ಬೇಸ್ ಎಂಬ ಪದ ಬಿಡಬೇಡಿ. 250 ಮಿಗ್ರಾಂ ಫಾಸ್ಫೇಟ್ ಮಾತ್ರೆಯಲ್ಲಿ ಬೇಸ್ ಇರುವುದು 150 ಮಿಗ್ರಾಂ. ಇದರಲ್ಲಿ ಗೊಂದಲವಾಗಿ ಅರೆ ಡೋಸ್ ಕೊಟ್ಟಿದ್ದೇ "ಔಷಧ ಕೆಲಸ ಮಾಡಲಿಲ್ಲ" ಎಂದು ದಾಖಲಾಗುತ್ತದೆ. ಮತ್ತೆ ಮರುಕಳಿಸುವ ಅಪಾಯ ಇದ್ದವರಿಗೆ ವಾರಕ್ಕೊಮ್ಮೆ 300 ಮಿಗ್ರಾಂ ಬೇಸ್ ಹೆರಿಗೆವರೆಗೆ ಕೊಡುವ ಪದ್ಧತಿ ಇದೆ. ಪ್ರೈಮಾಕ್ವಿನ್ ಹೆರಿಗೆಯಾದ ಮೇಲೆ, ಮೊಲೆಯೂಡುತ್ತಿದ್ದರೆ ಕೂಸಿನ ಜಿ6ಪಿಡಿ ನೋಡಿ.

ಫಾಲ್ಸಿಪಾರಂಗೆ ಮೊದಲ ಮೂರು ತಿಂಗಳಲ್ಲಿ ಹಿಂದೆ ಕ್ವಿನಿನ್ ಮಾತ್ರ ಇತ್ತು. 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರ್ಟಿಮೆಥರ್-ಲುಮೆಫ್ಯಾಂಟ್ರಿನ್ ಅನ್ನು ಮೊದಲ ತ್ರೈಮಾಸಿಕಕ್ಕೂ ಶಿಫಾರಸು ಮಾಡಿತು. ವಯಸ್ಕರಿಗೆ ಒಮ್ಮೆಗೆ ನಾಲ್ಕು ಮಾತ್ರೆ, ಮೂರು ದಿನದಲ್ಲಿ ಆರು ಡೋಸ್, ಎರಡನೆಯದು ಎಂಟು ಗಂಟೆಗೆ. ಹಾಲು ಅಥವಾ ಎಣ್ಣೆ-ತುಪ್ಪ ಇರುವ ಊಟದ ಜೊತೆ ಕೊಡಬೇಕು, ಇಲ್ಲದಿದ್ದರೆ ಲುಮೆಫ್ಯಾಂಟ್ರಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೊದಲ ತಿಂಗಳುಗಳ ವಾಂತಿ ಇದ್ದವರಿಗೆ ಇದೇ ಕಷ್ಟ. ಅರ್ಧ ಗಂಟೆಯೊಳಗೆ ಕಕ್ಕಿದರೆ ಪೂರ್ತಿ ಡೋಸ್ ಮತ್ತೆ ಕೊಡಿ. ಕ್ವಿನಿನ್ ಕೊಡುವ ಪ್ರಸಂಗ ಬಂದರೆ ಬಸುರಿಯ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಮಂಪರನ್ನು ಮಿದುಳಿನ ಮಲೇರಿಯಾ ಎಂದುಕೊಳ್ಳುವ ಮೊದಲು ಗ್ಲೂಕೋಮೀಟರ್ ಹಚ್ಚಿ. ತೀವ್ರ ಮಲೇರಿಯಾ ಆದರೆ ಯಾವ ತಿಂಗಳೇ ಆಗಲಿ ನರಕ್ಕೆ ಆರ್ಟಿಸುನೇಟ್, ಕೆಜಿಗೆ 2.4 ಮಿಗ್ರಾಂ, 0, 12, 24ನೇ ಗಂಟೆಗೆ, ಆಮೇಲೆ ದಿನಕ್ಕೊಂದು.

ಚಿಕಿತ್ಸೆ ಮುಗಿದ ಮೇಲೆ ಎಚ್‌ಆರ್‌ಪಿ2 ಆರ್‌ಡಿಟಿಯಿಂದ ಗುಣವಾಯಿತೇ ಎಂದು ನೋಡಬೇಡಿ. ಅದು ಗುರುತಿಸುವ ಪರಾವಲಂಬಿಯ ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿ ಉಳಿದು ಪಾಸಿಟಿವ್ ತೋರಿಸುತ್ತದೆ. ಗಾಜಿನ ಪಟ್ಟಿಯೇ ಬೇಕು.

ಸರಪಳಿ_ಸಕ್ಕರೆ:

ಲಸಿಕೆ ಬಗ್ಗೆ ತರಬೇತಿಯಲ್ಲಿ ಖಂಡಿತ ಕೇಳುತ್ತಾರೆ. ಮಕ್ಕಳಿಗೆ ಬಂದಿರುವ ಆರ್‌ಟಿಎಸ್,ಎಸ್ ಮತ್ತು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಎರಡೂ ಸೊಳ್ಳೆ ಕಚ್ಚಿದಾಗ ಒಳಬರುವ ಹಂತದ ವಿರುದ್ಧ, ಮಾಸಿಗೆ ಅಂಟುವ ಹಂತಕ್ಕೂ ಅವಕ್ಕೂ ಸಂಬಂಧ ಇಲ್ಲ. ವಾರ್2ಸಿಎಸ್‌ಎ ತುಂಡುಗಳಿಂದ ಮಾಡಿದವು ಬೇರೆ: ಪ್ಯಾಮ್‌ವ್ಯಾಕ್ ಅನ್ನು ಜರ್ಮನಿ ಮತ್ತು ಬೆನಿನ್‌ನಲ್ಲಿ, ಪ್ರಿಮ್‌ವ್ಯಾಕ್ ಅನ್ನು ಫ್ರಾನ್ಸ್ ಮತ್ತು ಬುರ್ಕಿನಾ ಫಾಸೋದಲ್ಲಿ ಮೊದಲ ಹಂತದಲ್ಲಿ ಪರೀಕ್ಷಿಸಿದ್ದಾರೆ. ಎರಡೂ ಸುರಕ್ಷಿತ, ಪ್ರತಿಕಾಯವೂ ಹುಟ್ಟಿತು. ಆದರೆ ಆ ಪ್ರತಿಕಾಯ ಮುಖ್ಯವಾಗಿ ಲಸಿಕೆಯಲ್ಲಿದ್ದ ತಳಿಯನ್ನೇ ತಡೆಯಿತು, ಬೇರೆ ತಳಿಗಳ ಮೇಲೆ ಬಲ ಕಡಿಮೆ. ವಾರ್2ಸಿಎಸ್‌ಎ ದೊಡ್ಡ ಪ್ರೋಟೀನ್, ಸುಮಾರು 350 ಕಿಲೋಡಾಲ್ಟನ್, ತಳಿಯಿಂದ ತಳಿಗೆ ಹೊರಮೈ ಬದಲಾಗುತ್ತದೆ, ಸಕ್ಕರೆಸರಪಳಿ ಹಿಡಿಯುವ ಒಳಗಾಲುವೆ ಮಾತ್ರ ಹೆಚ್ಚು ಬದಲಾಗದು. 2021ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಆ ಕಾಲುವೆಯ ರಚನೆ ಕಂಡ ಮೇಲೆ ಲಸಿಕೆಗೆ ಯಾವ ಭಾಗ ಆರಿಸಬೇಕೆಂಬ ಕೆಲಸ ಹೊಸದಾಗಿ ಶುರುವಾಗಿದೆ. ಲಸಿಕೆಯನ್ನು ಕೊಡಬೇಕಾದ್ದು ಮೊದಲ ಬಸಿರಿಗೆ ಮುಂಚೆ, ಅಂದರೆ ಹದಿಹರೆಯದ ಹುಡುಗಿಯರಿಗೆ.